ಉಪ್ಪು ಹಾಕಿದ ಉಪದೇಶಿ

ಕಲ್ಲರೆಪಾಳ್ಯದ ಕಾನ್ವೆಂಟಿನ ಹಿಂದೊಂದು ಅಡುಗೆಕೋಣೆ. ಅದರೊಳಗೆ ಇಬ್ಬರು ಒಟ್ಟಿಗೆ ಸೀನಿದರೆ ಗೋಡೆ ಹೊರಕ್ಕೆ ಉಬ್ಬುತ್ತಿತ್ತು, ಅಷ್ಟು ಇಕ್ಕಟ್ಟು. ಪೂಜ್ಯ ಮಾತೆ ತೆಕ್ಲಮ್ಮನವರು ಮೂವತ್ತೆಂಟು ವರ್ಷ ಅಲ್ಲೇ ಕುಳಿತು ಸುತ್ತಲ ಊರುಗಳ ಚರ್ಚುಗಳಿಗೆಲ್ಲ, ಪೂಜೆಯಲ್ಲಿ ಪ್ರಭುವಿನ ಶರೀರವೆಂದು ಹಂಚುವ ಪರಮಪ್ರಸಾದದ ರೊಟ್ಟಿ ಸುಟ್ಟರು. ಹಿಟ್ಟನ್ನು ತೆಳ್ಳಗೆ ಕಲಸಿ, ಶಿಲುಬೆ ಕೊರೆದ ಕಬ್ಬಿಣದ ಅಚ್ಚಿಗೆ ಹುಯ್ದು ಕೆಂಡದ ಮೇಲಿಟ್ಟರೆ ಕಾಗದದಂಥ ಹಾಳೆ ಏಳುತ್ತಿತ್ತು. ಎಂಬತ್ತು ದಾಟಿದರೂ ಆ ಕೈ ಒಂದು ಹಾಳೆಯನ್ನೂ ಸೀಯಿಸಿದ್ದಿಲ್ಲ.

ಶುಭ ಶುಕ್ರವಾರಕ್ಕೆ ನಾಲ್ಕು ದಿನವಿರುವಾಗ ಊರ ಚರ್ಚಿನಲ್ಲಿ ಧರ್ಮಪಾಠ ಹೇಳುವ ಉಪದೇಶಿ ಇನ್ನಾಸಪ್ಪ ಆ ಬಾಗಿಲಿಗೆ ಬಂದು ನಿಂತ. ಅವನ ಕಂಠದ ವಿಚಾರ ಸ್ವಲ್ಪ ಕಡಿಮೆ ಮಾಡಿಯೇ ಹೇಳುವುದಾದರೆ, ಅವನಿಲ್ಲಿ ‘ಪರಲೋಕ’ ಎಂದರೆ ಮೂರು ಮೈಲಿಯಾಚೆ ಎಮ್ಮೆಗಳು ಮೇವು ಬಿಟ್ಟು ತಲೆ ಎತ್ತುತ್ತಿದ್ದವು. ಶುಭ ಶುಕ್ರವಾರ ಗುಡ್ಡದ ಮೇಲೆ ಹದಿನಾಲ್ಕು ಸ್ಥಳಗಳ ಶಿಲುಬೆ ಹಾದಿಯ ಪ್ರಾರ್ಥನೆ ಓದುವವನೂ ಅವನೇ. ಪ್ರಭು ಪ್ರಾಣ ಬಿಡುವ ಹನ್ನೆರಡನೆಯ ಸ್ಥಳದಲ್ಲಿ ಅವನು ಒಮ್ಮೆ ಬಿಕ್ಕಿದರೆ ಸಾಕು, ಊರಿಗೆ ಊರೇ ಅಳುತ್ತಿತ್ತು.

“ಅಮ್ಮಾವ್ರೇ, ಈ ಸಲ ಬೇರೆ ಯಾರಾದ್ರೂ ಓದ್ಲಿ,” ಎಂದ.

“ಯಾಕಪ್ಪ, ಗಂಟಲು ಕೆಟ್ಟಿದೆಯಾ?”

“ಗಂಟಲು ಗಟ್ಟಿಯಾಗೇ ಇದೆ. ಒಳಗೇ ಏನೂ ಇಲ್ಲ. ನಮ್ಮನೆಯವ್ಳು ಮೋನಿಕಮ್ಮ ತೀರ್ಕೊಂಡ ಮೇಲೆ ಪ್ರಾರ್ಥನೆಗೆ ಕೂತ್ರೆ ಗೋಡೆ ಹತ್ರ ಮಾತಾಡಿದ ಹಾಗಾಗುತ್ತೆ. ಹೋದ ವರ್ಷ ಬಿಕ್ಕಿದ್ನಲ್ಲ, ಅದು ಸುಳ್ಳು. ಜನ ಕಾಯ್ತಾ ಇದ್ರು, ಬಿಕ್ಕಿದೆ. ಇಂಥವನ ಹತ್ರ ದೇವರು ಯಾಕಿರ್ತಾನೆ? ಬಿಟ್ಟು ಹೋಗಿದಾನೆ.”

ಮಾತೆಯವರು ಹಿಟ್ಟಿನ ಪಾತ್ರೆಯನ್ನು ಅವನ ಕಡೆ ಸರಿಸಿ, “ಇದನ್ನ ಕಲಸು,” ಎಂದು ಇದ್ದಿಲು ತರಲು ಹೊರಗೆ ಹೋದರು.

ಇನ್ನಾಸಪ್ಪ ಕಲಸಿದ. ಹೆಂಡತಿಯ ಒಲೆ ಮುಂದೆ ಕೂತು ರುಚಿ ನೋಡಿದ ಅಭ್ಯಾಸ. ಬೆರಳು ತಾನಾಗಿ ಬಾಯಿಗೆ ಹೋಯಿತು. ಸಪ್ಪೆ. ಐವತ್ತು ವರ್ಷ ನಾಲಿಗೆಯ ಮೇಲೆ ಪ್ರಸಾದ ಪಡೆದವನೇ, ಆದರೆ ಪ್ರಭುವಿನ ರುಚಿ ನೋಡುವಷ್ಟು ಧೈರ್ಯ ಯಾರಿಗಿದೆ? ಪಾಪ, ವಯಸ್ಸಾಯಿತು, ಮರೆತಿದ್ದಾರೆ ಎಂದುಕೊಂಡು ಗೂಡಿನಲ್ಲಿದ್ದ ಡಬ್ಬಿಯಿಂದ ಧಾರಾಳವಾಗಿ ಒಂದು ಚಿಟಿಕೆ ಉಪ್ಪು ಹಾಕಿಬಿಟ್ಟ.

ಮಾತೆಯವರು ಬಂದರು. ಡಬ್ಬಿಯ ಮುಚ್ಚಳ ತೆರೆದಿತ್ತು. ಅವರು ಒಮ್ಮೆ ಅದನ್ನೂ ಒಮ್ಮೆ ಅವನನ್ನೂ ನೋಡಿ, ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡರು.

“ಮೂವತ್ತು ವರ್ಷ ಉಪದೇಶ ಹೇಳಿದವನು ನೀನೇ ಏನಪ್ಪ?”

ಪ್ರಸಾದದ ರೊಟ್ಟಿಗೆ ಉಪ್ಪು ಸೇರಬಾರದು; ಆ ಹಿಟ್ಟು ಕಾನ್ವೆಂಟಿನ ಹಸುವಿನ ಪಾಲಾಯಿತು. ಮಾತೆಯವರು ಬೇರೆ ಹಿಟ್ಟು ಹಾಕಿ ನೀರು ಹುಯ್ದರು. ನಗು ನಿಂತಿತ್ತು.

“ಹಿಟ್ಟು, ನೀರು. ಪ್ರಭು ಬರೋಕೆ ಇಷ್ಟು ಸಾಕು, ಇನ್ನಾಸಪ್ಪ. ನೀನ್ಯಾಕೆ ಉಪ್ಪು ಹಾಕ್ತೀಯ?”

ಇನ್ನಾಸಪ್ಪ ಉಪ್ಪಿನ ಡಬ್ಬಿಯ ಮುಚ್ಚಳ ಹಾಕಿದ. ಮತ್ತೆ ಕಲಸತೊಡಗಿದ.

ಶುಕ್ರವಾರ ಅವನೇ ಓದಿದ. ಹನ್ನೆರಡನೆಯ ಸ್ಥಳದಲ್ಲಿ ಜನ ಕರ್ಚೀಫು ತೆಗೆದು ಸಿದ್ಧರಾದರು. ಇನ್ನಾಸಪ್ಪ ಬರೆದದ್ದನ್ನು ಬರೆದ ಹಾಗೇ ಓದಿ, ಮೊಣಕಾಲೂರಿ ಸುಮ್ಮನಾದ. ಬಿಕ್ಕಲಿಲ್ಲ.

“ಈ ವರ್ಷ ಚೆನ್ನಾಗಿರ್ಲಿಲ್ಲ ಇನ್ನಾಸಣ್ಣ,” ಎಂದಳು ಪಕ್ಕದ ಮನೆಯ ಲೂರ್ದಮ್ಮ, ಗುಡ್ಡ ಇಳಿಯುವಾಗ. “ಎರಡು ಕರ್ಚೀಫು ಒಗೆದು ತಂದಿದ್ದೆ.”

“ಮಡಚಿಟ್ಕೊಳವ್ವ, ಹಬ್ಬಕ್ಕಾಗುತ್ತೆ.”

ಎಲ್ಲರೂ ಇಳಿದ ಮೇಲೆ ಅವನು ಮತ್ತೆ ಹತ್ತಿ ಹೋಗಿ ಕಲ್ಲುಶಿಲುಬೆಯ ಬುಡದಲ್ಲಿ ಕುಳಿತ. “ಸ್ವಾಮಿ, ಮನೇಲಿ ಯಾರೂ ಇಲ್ಲ. ತುಂಬಾ ಕಷ್ಟ ಆಗ್ತಿದೆ,” ಎಂದ. ಎಮ್ಮೆಗಳ ಮಾತಿರಲಿ, ಮೊಣಕಾಲ ಪಕ್ಕದಲ್ಲಿ ಹೋಗುತ್ತಿದ್ದ ಇರುವೆಗೂ ಕೇಳಿಸದಷ್ಟು ಸಣ್ಣ ದನಿ. ಕೇಳಬೇಕಾದವರಿಗೆ ಕೇಳಿಸಿತು. ಆ ಬಿಸಿಲಿನಲ್ಲಿ, ನೋಡುವವರು ಯಾರೂ ಇಲ್ಲದಾಗ, ಅವನ ಕಣ್ಣು ತಾನಾಗಿ ತುಂಬಿ ಹರಿಯಿತು. ಈ ಸಲ ಎದುರಿಗೆ ಗೋಡೆ ಇರಲಿಲ್ಲ.

ಮಾತೆಯವರು ಪ್ರಭುವಿನ ಸನ್ನಿಧಿ ಸೇರುವವರೆಗೂ ಪ್ರತಿ ಸೋಮವಾರ ಹಿಟ್ಟು ಕಲಸಿದ್ದು ಇನ್ನಾಸಪ್ಪನೇ. ಉಪ್ಪಿನ ಡಬ್ಬಿಯನ್ನು ಮಾತ್ರ ಅವರು ಕೊನೆಯವರೆಗೂ ತಮ್ಮ ಮಡಿಲಲ್ಲೇ ಇಟ್ಟುಕೊಂಡು ಕುಳಿತಿರುತ್ತಿದ್ದರು.