ಕಾಶಿಯಲ್ಲಿ ಬಿಟ್ಟ ಬೆಲ್ಲ

"ಬಿಟ್ಟವನಿಗೆ ಸಿಹಿ ಉಂಟೆ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕಟ್ಟೆಯ ಮೇಲೆ ಕುಳಿತು ಹುರಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಮನೆ ಬಿಟ್ಟೆ. ಮಂದಿಯನ್ನು ಬಿಟ್ಟೆ. ಚೆನ್ನಾಗಿ ಹಾಡುತ್ತಿದ್ದೆ, ಅದನ್ನೂ ಬಿಟ್ಟೆ. ಮನಸ್ಸು ಹಗುರಾದೀತು ಎಂದುಕೊಂಡಿದ್ದೆ. ಈಗ ಉಂಡದ್ದು ರುಚಿಸುವುದಿಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ. ಬಿಡುವುದೆಂದರೆ ಒಣಗುವುದೇ?"

"ಕೂತುಕೋ" ಎಂದರು ಗುರುಗಳು. ಹುರಿಯನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಬ್ಬ ಬೆಲ್ಲದ ವರ್ತಕನಿದ್ದ. ಬೆಲ್ಲದ ಚೂರನ್ನು ನಾಲಿಗೆಯ ಮೇಲಿಟ್ಟರೆ ಸಾಕು, ಅದು ಯಾವ ಆಲೆಮನೆಯದು, ಕಬ್ಬು ಯಾವ ನೀರು ಕುಡಿದದ್ದು, ಪಾಕ ಇಳಿಸುವಾಗ ಬೆಂಕಿ ಜೋರಿತ್ತೋ ಸಣ್ಣಗಿತ್ತೋ, ಎಲ್ಲವನ್ನೂ ಹೇಳುತ್ತಿದ್ದ. ಅವನ ಮನೆಯಲ್ಲಿ ಸಾರಿಗೂ ಬೆಲ್ಲ, ಪಲ್ಯಕ್ಕೂ ಬೆಲ್ಲ. ಮಜ್ಜಿಗೆಗೆ ಮಾತ್ರ ಇರಲಿಲ್ಲ. ಅದೂ ಹೆಂಡತಿ ಅಡ್ಡ ನಿಂತದ್ದರಿಂದ.

ವಯಸ್ಸಾದ ಮೇಲೆ ವರ್ತಕ ಕಾಶಿಗೆ ಹೋದ. ಕಾಶಿಗೆ ಹೋದವರು ಗಂಗೆಯಲ್ಲಿ ಮುಳುಗಿ ಒಂದು ತಿನಿಸನ್ನು ಬಿಟ್ಟುಬರಬೇಕು. ಬಿಟ್ಟದ್ದನ್ನು ಬದುಕಿರುವವರೆಗೂ ಬಾಯಿಗೆ ಹಾಕುವಂತಿಲ್ಲ. ಜೊತೆಗೆ ಬಂದವರಲ್ಲಿ ಒಬ್ಬ ಹಾಗಲಕಾಯಿ ಬಿಟ್ಟ. ಇನ್ನೊಬ್ಬ ಪಡವಲಕಾಯಿ ಬಿಟ್ಟ. ವರ್ತಕನಿಗೆ ನಗು ಬಂತು.

"ನಾಲಿಗೆಗೆ ಬೇಡವಾದದ್ದನ್ನು ತಂದು ಗಂಗೆಗೆ ಕೊಡುತ್ತೀರಲ್ಲ. ಅವಳೇನು ನಿಮ್ಮ ಹಿತ್ತಲಿನ ತಿಪ್ಪೆಯೇ?" ಎಂದ.

ಸೊಂಟಮಟ್ಟದ ನೀರಿನಲ್ಲಿ ನಿಂತು, ದಡದವರಿಗೂ ಕೇಳುವಂತೆ, ಬೆಲ್ಲ ಬಿಟ್ಟೆ ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಸಕ್ಕರೆ ಬಿಟ್ಟೆ, ಜೇನು ಬಿಟ್ಟೆ ಎಂದೂ ಸೇರಿಸಿದ.

ಆ ಹೆಮ್ಮೆ ಮೊದಲ ಹಬ್ಬದವರೆಗೆ ಬಂತು. ಹೋಳಿಗೆ ಪಕ್ಕದವರ ಎಲೆಗೆ ಬಿತ್ತು. ತನ್ನ ಎಲೆಗೆ ಬೀಳಲಿಲ್ಲ. "ಹೂರಣ ಹದವಾಗಿದೆಯೇ? ಯಾವ ಬೆಲ್ಲ ಹಾಕಿದಿರಿ?" ಎಂದು ಊಟ ಮುಗಿಯುವವರೆಗೂ ಕೇಳಿದ. ತನ್ನ ಬೆಲ್ಲದ ಮಂಡಿಯಲ್ಲಿ ಕೂತು ಒಂದೊಂದೇ ಅಚ್ಚನ್ನು ಎತ್ತಿ ಮೂಸುತ್ತಿದ್ದ, ಕೆಳಗಿಡುತ್ತಿದ್ದ. ಕಾರಣವಿಲ್ಲದೆ ಆಳುಗಳನ್ನು ಬೈಯುತ್ತಿದ್ದ.

"ಯಜಮಾನರ ಬಾಯಿ ಬೆಲ್ಲ ಬಿಟ್ಟಿತು, ಸಿಹಿ ಮಾತನ್ನೂ ಬಿಟ್ಟಿತು" ಎಂದು ಆಳುಗಳು ಬೆನ್ನ ಹಿಂದೆ ಆಡಿಕೊಂಡರು.

ಗಂಡನ ಮುಖ ನೋಡಲಾರದೆ ಹೆಂಡತಿ ಒಮ್ಮೆ ಸಾರಿಗೆ ಕಡಲೆಯಷ್ಟು ಬೆಲ್ಲ ಹಾಕಿದಳು. ವರ್ತಕ ಮೊದಲ ತುತ್ತಿಗೇ ಎಲೆಯ ಮುಂದಿನಿಂದ ಎದ್ದ. ವ್ರತ ಕೆಟ್ಟಿತು ಎಂದು ಪ್ರಾಯಶ್ಚಿತ್ತಕ್ಕೆ ಉಪವಾಸ ಹಿಡಿದ. ನೀರು ಕೂಡ ಮುಟ್ಟಲಿಲ್ಲ. ಅವಳು ಕಾಲು ಹಿಡಿದು ಅತ್ತರೂ ಕರಗಲಿಲ್ಲ. ಆಗ ಮೈಯಲ್ಲಿ ಕಸುವಿತ್ತು, ಬದುಕಿಕೊಂಡ. ಮನೆಯವರು ಮತ್ತೆ ಆ ಕೆಲಸಕ್ಕೆ ಕೈ ಹಾಕಲಿಲ್ಲ.

ಆಮೇಲೆ ವರ್ತಕನಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಬಾಯಿಯ ರುಚಿಯನ್ನೂ ಕೊಂಡೊಯ್ದಿತು. ಗಂಜಿ ಕೊಟ್ಟರೆ ತಳ್ಳಿದ. ಹಾಲು ಕೊಟ್ಟರೆ ಮುಖ ತಿರುಗಿಸಿದ. ಮನುಷ್ಯ ಕಡ್ಡಿಯಂತಾದ. ವೈದ್ಯ ನಾಡಿ ನೋಡಿ ಹೊರಗೆ ಬಂದು ಹೇಳಿದ:

"ರೋಗ ಹೋಗಿದೆ. ಅನ್ನ ಒಳಗೆ ಹೋಗದಿದ್ದರೆ ಇನ್ನು ಅವರೂ ಹೋಗುತ್ತಾರೆ."

ಹೆಂಡತಿ ಬಾಳೆಹಣ್ಣಿನ ರಸಾಯನ ಮಾಡಿದಳು, ಬೆಲ್ಲ ಬಿಟ್ಟು. ಪಾಯಸ ಮಾಡಿದಳು, ಬೆಲ್ಲ ಬಿಟ್ಟು. ವರ್ತಕ ಒಂದು ಚಮಚ ಬಾಯಿಗಿಟ್ಟುಕೊಂಡು "ಬೆಲ್ಲವಿಲ್ಲ" ಎನ್ನುತ್ತಿದ್ದ. ಗೋಡೆಯ ಕಡೆ ಹೊರಳುತ್ತಿದ್ದ.

ಆ ಮನೆಗೆ ಹೊಸದಾಗಿ ಬಂದ ಸೊಸೆಯೊಬ್ಬಳಿದ್ದಳು. ಅವಳ ಗಂಡ ಮಾಲು ತರಲು ದೂರ ಹೋಗಿದ್ದ. ಮದುವೆಯಾಗಿ ಬಂದ ದಿನ ಉಳಿದವರೆಲ್ಲ ಅವಳ ಮೈಮೇಲಿನ ಒಡವೆ ನೋಡುತ್ತಿದ್ದಾಗ, ಮಾವ ಒಬ್ಬನೇ "ಊಟ ಆಯಿತೇ ಮಗಳೇ?" ಎಂದು ಕೇಳಿದ್ದ. ಅದನ್ನು ಅವಳು ಮರೆತಿರಲಿಲ್ಲ. ಅತ್ತೆ ವಾಪಸು ತಂದ ಬಟ್ಟಲುಗಳನ್ನು ಅವಳೇ ತೊಳೆಯುತ್ತಿದ್ದಳು. ಒಂದು ದಿನ ತೊಳೆಯುವ ಮೊದಲು ರುಚಿ ನೋಡಿದಳು. ಮಾವ ಹೇಳಿದ್ದು ಸರಿ. ಬಟ್ಟಲಿನಲ್ಲಿ ಇದ್ದದ್ದು ನಾಲಿಗೆಗೆ ಸಿಗಲಿಲ್ಲ. ಇಲ್ಲದ್ದೇ ಮೊದಲು ಸಿಕ್ಕಿತು.

ದನಕರುಗಳ ಕೆಲಸವೂ ಅವಳದೇ. ಆ ಮನೆಯಲ್ಲಿ ಬಾಳೆಹಣ್ಣಿನ ಸಿಪ್ಪೆ ಕಪ್ಪಾಯಿತೆಂದರೆ ಹಣ್ಣು ಹಸುವಿಗೆ ಹೋಗುತ್ತಿತ್ತು. ಉಳ್ಳವರ ಮನೆ. ಕಪ್ಪಾದ ಹಣ್ಣು ಕಣ್ಣಿಗೆ ಬಿದ್ದರೆ ಮರ್ಯಾದೆಗೆ ಕಡಿಮೆ. ಒಂದು ಬೆಳಿಗ್ಗೆ ಸೊಸೆ ಕಪ್ಪಾದ ಚಿಪ್ಪೊಂದನ್ನು ಕೊಟ್ಟಿಗೆಗೆ ಒಯ್ದಳು. ಹಸು ಸಿಪ್ಪೆಸಮೇತ ತಿಂದಿತು. ತಿಂದಾದ ಮೇಲೂ ಅವಳ ಅಂಗೈಯನ್ನು ಬಿಡದೆ ನೆಕ್ಕಿತು.

"ಅಷ್ಟೇನಿದೆಯೇ ಇದರಲ್ಲಿ?" ಎಂದು ಹಸುವನ್ನು ಕೇಳಿ, ಉಳಿದ ಒಂದು ಹಣ್ಣನ್ನು ಸುಲಿದು ತಾನೇ ಬಾಯಿಗೆ ಹಾಕಿಕೊಂಡಳು.

ಹಾಕಿಕೊಂಡವಳು ಹಾಗೆಯೇ ನಿಂತಳು.

ಒಳಗೆ ಹೋಗಿ, ಊಟಕ್ಕೆಂದು ಇಟ್ಟಿದ್ದ ಹಳದಿ ಹಣ್ಣನ್ನು ಸುಲಿದು ತಿಂದಳು. ಅದು ಹಿಟ್ಟು ಮೆದ್ದಂತಿತ್ತು. ಆ ಮನೆಯಲ್ಲಿ ಹುಟ್ಟಿ ಬೆಳೆದವರು ಹಣ್ಣು ಹಣ್ಣಾಗುವುದಕ್ಕೆ ಒಮ್ಮೆಯೂ ಬಿಟ್ಟಿರಲಿಲ್ಲ. ಬಿಡುವ ಅಗತ್ಯ ಇರಲಿಲ್ಲ, ಬೆಲ್ಲವಿತ್ತು.

ಅಂದೇ ಅವಳು ರಸಬಾಳೆಯ ಗೊನೆಯೊಂದನ್ನು ಅಡುಗೆಮನೆಯ ತೊಲೆಗೆ ತೂಗುಹಾಕಿದಳು. ಗೊನೆ ಹಳದಿಯಾಯಿತು. ಅವಳು ಇಳಿಸಲಿಲ್ಲ. ಸಿಪ್ಪೆಯ ಮೇಲೆ ಚುಕ್ಕೆ ಬಿತ್ತು. ಇಳಿಸಲಿಲ್ಲ. ಅತ್ತ ಮಾವ ಮಗ್ಗುಲು ಬದಲಿಸುವುದಕ್ಕೂ ಆಳು ಬೇಕಾಯಿತು. ಇವಳ ಕೈ ಗೊನೆಯವರೆಗೆ ಹೋಗುತ್ತಿತ್ತು, ಒಂದು ಹಣ್ಣನ್ನು ಅದುಮಿ ನೋಡುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ಮಾವನಿಗೆ ಎಷ್ಟು ದಿನ ಉಳಿದಿದೆಯೋ ಅವಳಿಗೆ ತಿಳಿಯದು. ಹಣ್ಣಿಗೆ ಇನ್ನೂ ಸ್ವಲ್ಪ ಬೇಕು ಎಂಬುದು ತಿಳಿದಿತ್ತು.

"ಕಪ್ಪಾಯಿತಲ್ಲೇ, ಹಸುವಿಗೆ ಹಾಕು" ಎಂದಳು ಅತ್ತೆ.

"ಇರಲಿ ಅತ್ತೆ."

"ಇರಲಿ ಎಂದರೇನು? ನಾಳೆ ನೊಣವೂ ಬರುತ್ತದೆ, ನೆಂಟರೂ ಬರುತ್ತಾರೆ. ನೊಣವಾದರೆ ಹೊರಗೆ ಹೋಗಿ ಹೇಳುವುದಿಲ್ಲ."

ಸೊಸೆ ಆಗಲೂ ಇಳಿಸಲಿಲ್ಲ. ಕೊನೆಗೆ ಒಂದು ದಿನ ಮಧ್ಯಾಹ್ನ, ಹಣ್ಣಿನ ವಾಸನೆ ಮನೆಯನ್ನೆಲ್ಲ ತುಂಬಿದಾಗ, ಗೊನೆ ಇಳಿಸಿದಳು. ಖರ್ಜೂರ ನೆನೆಸಿದಳು, ತೆಂಗಿನ ಹಾಲು ಹಿಂಡಿದಳು, ರುಬ್ಬಿದಳು. ಬಟ್ಟಲಿನಲ್ಲಿ ಒಯ್ದು ಮಾವನ ತುಟಿಗೆ ಒಂದು ಚಮಚ ಹಿಡಿದಳು. ವರ್ತಕ ಅವಳ ಮನಸ್ಸು ನೋಯಬಾರದೆಂದು ಬಾಯಿ ತೆರೆದ.

ಅವನ ಕಣ್ಣು ಅಗಲವಾಯಿತು. ಬಟ್ಟಲನ್ನು ಕೈಯಿಂದ ದೂಡಿದ.

"ಬೆಲ್ಲ" ಎಂದ.

"ಇಲ್ಲ ಮಾವ."

"ನನಗೆ ಬೆಲ್ಲ ಗೊತ್ತಿಲ್ಲವೇ? ನೀನೊಬ್ಬಳು ಸುಳ್ಳಾಡುವುದಿಲ್ಲ ಎಂದುಕೊಂಡಿದ್ದೆ. ನೀನೂ ಕಲಿತೆ. ಇವತ್ತಿನಿಂದ ನನಗೆ ನೀರೂ ಬೇಡ."

ಅತ್ತೆ ಓಡಿಬಂದು ಹಣೆ ಹಣೆ ಬಡಿದುಕೊಂಡಳು. "ಹಸುವಿನ ಪಾಲನ್ನು ತಂದು ಗಂಡಸಿಗೆ ಕೊಟ್ಟೆ. ಅದಕ್ಕೆ ಬೆಲ್ಲವನ್ನೂ ಬೆರೆಸಿದೆಯಾ? ಈ ಮೈಯಲ್ಲಿ ಉಪವಾಸ ಹಿಡಿದರೆ ಉಳಿಯುತ್ತಾರೇನೇ? ಕೊಂದೆಯಲ್ಲೇ!"

ಅತ್ತರೆ ಉಪವಾಸ ನಿಲ್ಲುವುದಿಲ್ಲ. ಹಿಂದೆ ಅತ್ತೆ ಕಾಲು ಹಿಡಿದು ಅತ್ತದ್ದನ್ನು ಸೊಸೆ ಕೇಳಿ ತಿಳಿದಿದ್ದಳು. ಅವಳು ಅಳಲಿಲ್ಲ.

"ಬೆಲ್ಲವೇ ಆಗಿದ್ದರೆ ಯಾವ ಆಲೆಮನೆಯದು ಹೇಳಿ ಮಾವ. ನಿಮಗೆ ಗೊತ್ತಿಲ್ಲದ ಬೆಲ್ಲ ಈ ಸೀಮೆಯಲ್ಲಿ ಇಲ್ಲವಲ್ಲ" ಎಂದಳು.

ವರ್ತಕ ಸಿಟ್ಟಿನಲ್ಲಿಯೇ ತುಟಿಗೆ ಹತ್ತಿದ್ದನ್ನು ನಾಲಿಗೆಯಿಂದ ತೆಗೆದುಕೊಂಡ. ಕಣ್ಣು ಮುಚ್ಚಿದ.

"ಹೊಳೆಯಾಚೆಯದು" ಎಂದ. ಕೂಡಲೇ ತಲೆಯಾಡಿಸಿದ. "ಅಲ್ಲ. ಅದರಲ್ಲಿ ತುಸು ಉಪ್ಪಿರುತ್ತದೆ. ಇದು ಕೆಮ್ಮಣ್ಣಿನ ಕಬ್ಬಿನದು." ಮತ್ತೆ ತಲೆಯಾಡಿಸಿದ. "ಅದೂ ಅಲ್ಲ. ಅದು ಗಂಟಲಲ್ಲಿ ಹಿಡಿಯುತ್ತದೆ."

ಬಹಳ ಹೊತ್ತು ಯೋಚಿಸಿದ. ಅಷ್ಟು ಹೊತ್ತು ಅವನು ಯಾವ ಬೆಲ್ಲದ ಮುಂದೆಯೂ ಕೂತವನಲ್ಲ.

"ಎಲ್ಲೋ ಹೊಸ ಆಲೆಮನೆ ಎದ್ದಿರಬೇಕು" ಎಂದ.

"ಹಾಗಾದರೆ ಆ ಆಲೆಮನೆ ತೋರಿಸುತ್ತೇನೆ, ಬನ್ನಿ" ಎಂದಳು ಸೊಸೆ.

ಆಳುಗಳು ಮಂಚವನ್ನು ಎತ್ತಿ ಅಡುಗೆಮನೆಯ ಬಾಗಿಲಲ್ಲಿ ಇಟ್ಟರು. ಸೊಸೆ ಮಾವನ ಮುಂದೆಯೇ ಕೈ ತೊಳೆದಳು. ಒರಳನ್ನು ತೊಳೆದಳು, ಗುಂಡನ್ನು ತೊಳೆದಳು. ಬೆಲ್ಲದ ಗಡಿಗೆಯನ್ನು ಅತ್ತೆಯ ಕೈಗೆ ಕೊಟ್ಟು ಹೊರಗೆ ನಿಲ್ಲಿಸಿದಳು.

ಖರ್ಜೂರದ ಬೀಜ ತೆಗೆದು ಬಿಸಿನೀರಿಗೆ ಹಾಕಿದಳು. ಮೆತ್ತಗಾದ ಮೇಲೆ ಅದನ್ನೇ ಮೊದಲು ಒರಳಿಗೆ ಹಾಕಿ, ಬೆರಳಿಗೆ ಸಿಪ್ಪೆ ಸಿಗದಷ್ಟು ನುಣ್ಣಗೆ ರುಬ್ಬಿದಳು. ತೆಂಗಿನಕಾಯಿ ತುರಿದು, ಮೊದಲ ಹಾಲನ್ನು ಗಟ್ಟಿಯಾಗಿ ಹಿಂಡಿ ಇಟ್ಟುಕೊಂಡಳು. ಎರಡನೆಯ ಹಾಲು ತೆಗೆಯಲಿಲ್ಲ. ಆಮೇಲೆ ಬಾಳೆಹಣ್ಣು. ಸಿಪ್ಪೆ ಮುಟ್ಟಿದರೆ ಬಿಟ್ಟುಕೊಳ್ಳುತ್ತಿತ್ತು. ಒಂದೊಂದಾಗಿ ಒರಳಿಗೆ ಬಿಟ್ಟಳು. ಹಾಲನ್ನು ಒಂದೇ ಸಲ ಸುರಿದರೆ ನೀರು ಮೇಲೆ, ಗಂಟು ಕೆಳಗೆ. ಅದಕ್ಕೆ ದಾರದಂತೆ ಇಳಿಸುತ್ತ ಗುಂಡು ತಿರುಗಿಸಿದಳು. ಅವಸರ ಮಾಡಲಿಲ್ಲ.

ಕಳ್ಳತಕ್ಕಡಿಯನ್ನು ನೋಡುವಂತೆ ವರ್ತಕ ಅವಳ ಕೈಗಳನ್ನೇ ನೋಡಿದ. ರೆಪ್ಪೆ ಬಡಿಯಲಿಲ್ಲ.

ಒರಳಿನಲ್ಲಿದ್ದದ್ದು ಗಂಧದ ಬಣ್ಣಕ್ಕೆ ಬಂತು. ಕೆನೆಯಷ್ಟು ಗಟ್ಟಿಯಾಯಿತು. ಬೆರಳಿನಿಂದ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳಲಿಲ್ಲ. ಒಂದು ಏಲಕ್ಕಿ ಪುಡಿ ಮಾಡಿ ಹಾಕಿ, ಬಟ್ಟಲಿಗೆ ತುಂಬಿ ಮಾವನ ಕೈಗೆ ಕೊಟ್ಟಳು.

ವರ್ತಕ ಕುಡಿದ. ನಿಲ್ಲಿಸಿದ. ಮತ್ತೆ ಕುಡಿದ. ಬಟ್ಟಲು ಖಾಲಿಯಾಯಿತು. ಬೆರಳಿನಿಂದ ಬಟ್ಟಲನ್ನು ಬಳಿದು ನೆಕ್ಕಿದ. ಮನೆಯೆಲ್ಲ ಅವನ ಬಾಯನ್ನೇ ನೋಡುತ್ತ ನಿಂತಿತ್ತು.

"ಇಷ್ಟು ದಿನ ಇದು ಎಲ್ಲಿತ್ತೇ ಮಗಳೇ?" ಎಂದ.

"ಹಸುವಿನ ಹೊಟ್ಟೆಯಲ್ಲಿ, ಮಾವ."

ವರ್ತಕ ನಕ್ಕ. ನಗುವುದಕ್ಕೆ ಬೇಕಾದಷ್ಟು ಉಸಿರು ಮೈಯಲ್ಲಿರಲಿಲ್ಲ, ಆದರೂ ಮಂಚ ಅಲ್ಲಾಡುವಂತೆ ನಕ್ಕ. ಆಳುಗಳು ನಕ್ಕರು. ಬೆಲ್ಲದ ಗಡಿಗೆ ಹಿಡಿದು ಹೊರಗೆ ನಿಂತಿದ್ದ ಅತ್ತೆ, ಒಳಗೆ ಏನಾಯಿತೆಂದು ತಿಳಿಯದೆ ಬಾಗಿಲಿಗೆ ಬಂದು, ಗಂಡ ನಗುವುದನ್ನು ನೋಡಿ ಗಡಿಗೆಯನ್ನು ಕೈಬಿಟ್ಟಳು. ಗಡಿಗೆ ಒಡೆಯಿತು. ಅದರ ಕಡೆ ತಿರುಗಿ ನೋಡಿದವರಿಲ್ಲ.

"ಇನ್ನೊಂದು ಬಟ್ಟಲು" ಎಂದ ವರ್ತಕ.

ಅದನ್ನೂ ಕುಡಿದ. ಮರುದಿನ ಮತ್ತೆ ಕೇಳಿದ. ಅದರ ಹಿಂದೆಯೇ ಗಂಜಿ ಒಳಗೆ ಹೋಯಿತು, ಗಂಜಿಯ ಹಿಂದೆ ಅನ್ನ. ವೈದ್ಯ ಬಂದು ನಾಡಿ ಹಿಡಿದು, ಯಾವ ಲೇಹ್ಯ ಕೊಟ್ಟಿರಿ ಎಂದು ಕೇಳಿದ. ವರ್ತಕ ಕೋಲು ಹಿಡಿದು ಅಂಗಳಕ್ಕೆ ಬಂದ. ಆಮೇಲೆ ಕೋಲನ್ನು ಮೂಲೆಗಿಟ್ಟು ಮಂಡಿಗೆ ಹೋದ. ಪರೀಕ್ಷೆಗೆಂದು ಬೆಲ್ಲದ ಅಚ್ಚು ತಂದು ಮುಂದಿಟ್ಟರೆ, "ನೀನೇ ನೋಡಪ್ಪ" ಎಂದು ಗುಮಾಸ್ತನ ಕಡೆ ತಳ್ಳಿದ. ಮೂಸಲೂ ಇಲ್ಲ. ಮುಂದಿನ ಹಬ್ಬದಲ್ಲಿ ಪಕ್ಕದ ಎಲೆಗೆ ಹೋಳಿಗೆ ಬಿದ್ದಾಗ ಹೂರಣದ ಮಾತು ಎತ್ತಲಿಲ್ಲ. ಕಪ್ಪಾದ ಗೊನೆಯೊಂದನ್ನು ಬಂದ ನೆಂಟರಿಗೆಲ್ಲ ಕಾಣುವಂತೆ ಪಡಸಾಲೆಯ ನಡುವೆ ಕಟ್ಟಿಸಿದ್ದ. ಯಾರಾದರೂ ಅದನ್ನು ನೋಡಿ ಮೂಗು ಮುರಿದರೆ, "ಒಂದು ತಿಂದು ಆಮೇಲೆ ಮುರಿಯಿರಿ" ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿ ಹುರಿಯನ್ನು ಮತ್ತೆ ಕೈಗೆತ್ತಿಕೊಂಡರು.

"ನನ್ನ ಹಣ್ಣು ಎಲ್ಲಿದೆ, ಗುರುಗಳೇ?" ಎಂದು ಶಿಷ್ಯ ಕೇಳಿದ.

"ಮನೆ, ಮಂದಿ, ಹಾಡು ಎಂದು ಬಿಟ್ಟುಬಂದದ್ದನ್ನೇ ಇನ್ನೂ ನೆಕ್ಕುತ್ತಿದ್ದೀಯೆ, ಮೊದಲು ಬಾಯಿ ಮುಕ್ಕಳಿಸಿ ಬಾ" ಎಂದರು ಗುರುಗಳು.