ಬಣ್ಣ ಬಳಿದ ಡ್ರಮ್ಮುಗಳು

"ಗುರುಗಳೇ, ಕೇಡು ಬಯಸದವನ ಕೈಯಿಂದ ಕೇಡಾದರೆ ಅದು ವಿಧಿಯೋ, ಪಾಪವೋ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿಯಿದ್ದ. ಕಾರ್ಖಾನೆಗಳಿಗೆ ಆಸಿಡ್ ಮಾರುವುದು ಅವನ ಕಸುಬು. ಅಂಥ ಸರಕನ್ನು ಊರ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇಡಬೇಕು, ಡ್ರಮ್ಮಿನ ಮೇಲೆ ಅಪಾಯದ ಗುರುತು ಇರಬೇಕು ಎಂಬುದು ಕಟ್ಟಳೆ. ವ್ಯಾಪಾರಿಗೆ ಇದೆಲ್ಲ ಗೊತ್ತಿತ್ತು. ಆದರೆ ಊರ ಹೊರಗಿನ ಗೋದಾಮು ಅವನಿಗೆ ದೂರವೆನಿಸಿತು. ನೇಕಾರರ ಓಣಿಯಲ್ಲಿ ಒಂದು ಶೆಡ್ಡು ಖಾಲಿಯಿತ್ತು. ಗುರುತು ಕಂಡರೆ ಓಣಿಯವರು ಒಪ್ಪಲಾರರೆಂದು ಡ್ರಮ್ಮುಗಳಿಗೆಲ್ಲ ಬಣ್ಣ ಬಳಿಸಿದ.

ಲಾರಿಯಿಂದ ಸರಕು ಇಳಿಸುತ್ತಿದ್ದ ಹಮಾಲ ಕೇಳಿದ: "ಸಾಹುಕಾರ್ರೇ, ಒಳಗೇನಿದೆಯೆಂದು ಜನರಿಗೆ ತಿಳಿಯುವುದು ಹೇಗೆ?"

"ತಿಳಿದರೆ ಇಲ್ಲಿ ಇಡಲು ಬಿಡುತ್ತಾರೇನಯ್ಯ?" ಎಂದ ವ್ಯಾಪಾರಿ.

ಬೇಸಿಗೆಯಲ್ಲಿ ಒಂದು ಡ್ರಮ್ಮು ಸೋರಿತು. ಕೆಳಗಿದ್ದ ಗೋಣಿಚೀಲಗಳು ಹೊಗೆಯಾಡಿದವು. ಎದುರುಮನೆಯ ನೇಕಾರ ಬೆಂಕಿ ಬಿದ್ದಿದೆ ಎಂದುಕೊಂಡು ಮಗ್ಗ ಬಿಟ್ಟು ಓಡಿಬಂದ. ಪರರ ಸೊತ್ತು ಸುಟ್ಟುಹೋಗಬಾರದೆಂದು ಕೊಡದಲ್ಲಿ ನೀರು ತಂದು ಎರಚಿದ. ನೀರು ಬಿದ್ದೊಡನೆ ಆಸಿಡ್ ಕುದಿದು ಅವನ ಮುಖಕ್ಕೇ ಸಿಡಿಯಿತು. ಅವನ ಹೆಂಡತಿ ಅದನ್ನು ಬಿಸಿ ಎಣ್ಣೆಯೆಂದು ತಿಳಿದು ಸೆರಗಿನಿಂದ ಒರೆಸಿದಳು. ಅವಳ ಅಂಗೈಗಳೂ ಬೆಂದವು. ಆಸ್ಪತ್ರೆಯಲ್ಲಿ ವೈದ್ಯರು "ಏನು ಬಿತ್ತು?" ಎಂದು ಕೇಳಿದರೆ ಇಡೀ ಓಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಫೋನು ಎತ್ತಲಿಲ್ಲ. ನೇಕಾರನ ಎರಡು ಕಣ್ಣೂ ಹೋದವು.

ಅವನು ನೇಯ್ದ ಸೀರೆಯ ಅಂಚಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಈಗ ಅವನು ಮಗ್ಗದ ಮುಂದೆ ಕುಳಿತು ನೂಲನ್ನು ಬೆರಳಿನಿಂದ ಸವರುತ್ತಾನೆ. ಯಾವುದು ಕೆಂಪು, ಯಾವುದು ಹಸಿರು ಎಂದು ಹೆಂಡತಿಯನ್ನು ಕೇಳುತ್ತಾನೆ.

ಗಲಾಟೆ ತಣ್ಣಗಾದ ಮೇಲೆ ವ್ಯಾಪಾರಿ ಬಂದ. ಹಣ್ಣಿನ ಬುಟ್ಟಿ ಇಟ್ಟು ಕೈಮುಗಿದ. "ನಾನು ಯಾರ ಕೇಡನ್ನೂ ಬಯಸಿದವನಲ್ಲಪ್ಪ. ಎಲ್ಲ ವಿಧಿ" ಎಂದ. ಓಣಿಯ ಹಿರಿಯರು ಹೌದು ಹೌದೆಂದು ತಲೆಯಾಡಿಸಿದರು. ನೇಕಾರನ ಹೆಂಡತಿ ಮಾತ್ರ ಸುಟ್ಟ ಕೈಗಳಿಂದಲೇ ಆ ಬುಟ್ಟಿಯನ್ನೆತ್ತಿ ಬೀದಿಗೆ ಎಸೆದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಮೆಲ್ಲಗೆ, "ಆದರೂ ಅವನು ಬೇಕೆಂದು ಮಾಡಿದ್ದಲ್ಲವಲ್ಲ. ವಿಧಿಯನ್ನು ನಂಬಿದವನು, ಪಾಪ" ಎಂದ.

ಗುರುಗಳ ದನಿ ಗಡುಸಾಯಿತು: "ವಿಧಿಯ ಮೇಲೆ ಅಷ್ಟು ನಂಬಿಕೆಯಿದ್ದವನು ಆ ಡ್ರಮ್ಮುಗಳನ್ನು ತನ್ನ ಮಕ್ಕಳು ಮಲಗುವ ಕೋಣೆಯಲ್ಲಿ ಏಕೆ ಇಡಲಿಲ್ಲ?"