ಸಾಹುಕಾರರ ರುಮಾಲು, ನಾಯಿಯ ಕೂದಲು

ಕಲಬುರಗಿಯಲ್ಲಿ ನಾಯಿಗಳ ಕೂದಲು ಕತ್ತರಿಸುವ ಅಂಗಡಿಯೊಂದಿತ್ತು. ಒಂದು ಏಪ್ರಿಲ್ ಮಧ್ಯಾಹ್ನ ಅದರ ಮಾಲೀಕರಾದ ಸಾಹುಕಾರರು ತಮ್ಮ ಪೊಮೆರೇನಿಯನ್ ನಾಯಿಯನ್ನು ಕೆಲಸದಾಕೆ ಜಗದೇವಿಯ ಮುಂದೆ ತಂದು ನಿಲ್ಲಿಸಿದರು.

"ಬಿಸಿಲಿಗೆ ನಾಲಿಗಿ ಚಾಚ್ಯದ. ಪೂರ್ತಿ ಬೋಳಿಸು. ಇಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

ಈ ತಳಿಗೆ ಎರಡು ಪದರ ಕೂದಲು. ಅಂದರೆ, ಅದು ಚಳಿಯನ್ನಷ್ಟೇ ಅಲ್ಲ, ಬಿಸಿಲನ್ನೂ ತಡೆಯುತ್ತದೆ. ಜಗದೇವಿ ಇದನ್ನು ಎರಡು ಸಲ ಹೇಳಿದರೂ ಸಾಹುಕಾರರು ಕೇಳಲಿಲ್ಲ.

ಆಕೆ ಕತ್ತರಿ ಕೆಳಗಿಟ್ಟಳು.

"ಬೋಳಿಸ್ತೀನ್ರಿ. ಮೊದಲ ನಿಮ್ಮ ರುಮಾಲು ತೆಗೆದು ಅಂಗಳದಾಗ ನಿಂದರ್ರಿ. ತಂಪನಿಸಿದ್ರ ಹೇಳ್ರಿ, ಮಶೀನ್ ಹಚ್ತೀನಿ."

ಸಾಹುಕಾರರು ಹಟಕ್ಕೆ ಬಿದ್ದು ನಿಂತರು. ತಲೆಗೆ ಸುತ್ತುವ ಆ ಉದ್ದನೆಯ ಬಟ್ಟೆ ಜಗದೇವಿಯ ಕೈಲಿತ್ತು. ಎರಡೇ ನಿಮಿಷಕ್ಕೆ ಅವರ ಬೋಳುತಲೆ ಕಾದ ಹೆಂಚಾಯಿತು.

"ಏ, ಕೊಡು ನನ್ನ ರುಮಾಲು!"

"ತಗೋರಿ. ನಿಮಗ ಬಾಯಿ ಅದ, ಕೇಳಿದ್ರಿ. ಈ ನಾಯಿ ಯಾರಿಗೆ ಕೇಳಬೇಕ್ರಿ?"

ಸಾಹುಕಾರರು ರುಮಾಲು ಸುತ್ತಿಕೊಳ್ಳುತ್ತ ಗೊಣಗಿದರು: "ಬರೇ ಬಾಚಿ ಕಳಿಸು."